ಕಪ್ಪುಕುಳಿಯ ದನಿಯನ್ನು ಲೆಕ್ಕದಲ್ಲಿ ಕೇಳಿದವರು

2016ರ ಫೆಬ್ರವರಿ 11ರಂದು ಹೊರಬಂದ ಒಂದು ಸಂಶೋಧನಾ ಪ್ರಬಂಧಕ್ಕೆ ಸಾವಿರಕ್ಕೂ ಹೆಚ್ಚು ಮಂದಿ ಲೇಖಕರು. ದೇಶಕಾಲದ ಹಿಗ್ಗುಕುಗ್ಗಾಗಿ ಹರಡುವ ಗುರುತ್ವ ಅಲೆಗಳು ಮೊತ್ತಮೊದಲ ಬಾರಿಗೆ ನೇರವಾಗಿ ಉಪಕರಣಕ್ಕೆ ಸಿಕ್ಕಿವೆ ಎಂದು ಲೋಕಕ್ಕೆ ತಿಳಿಸಿದ ಪ್ರಬಂಧ ಅದು. ಅದರ ಕೊನೆಯಲ್ಲಿರುವ ಆಕರಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದರೆ ಐನ್‌ಸ್ಟೈನ್, ಶ್ವಾರ್ಟ್ಸ್‌ಶಿಲ್ಡ್, ಕ್ರುಸ್ಕಲ್, ಕೆರ್ ಎಂಬ ಹೆಸರುಗಳು ಸಿಗುತ್ತವೆ. ಎಂಟನೆಯದು ಸಿ.ವಿ. ವಿಶ್ವೇಶ್ವರ, ‘ನೇಚರ್’ ಪತ್ರಿಕೆ, 1970. ಆ ಸಾಲಿನಲ್ಲಿ ನಿಲ್ಲುವ ಅರ್ಹತೆಯನ್ನು ಬೆಂಗಳೂರಿನ ಈ ವಿಜ್ಞಾನಿ ಗಳಿಸಿದ್ದು ದೊಡ್ಡ ಉಪಕರಣ ಕಟ್ಟಿ ಅಲ್ಲ, ದೂರದರ್ಶಕ ತಿರುಗಿಸಿಯೂ ಅಲ್ಲ. ಲೆಕ್ಕ ಮಾಡಿ.

ಪತ್ರಿಕೆಗಳು ಅವರಿಗೆ ‘ಭಾರತದ ಕಪ್ಪುಕುಳಿ ಮನುಷ್ಯ’ ಎಂಬ ಬಿರುದು ಕೊಟ್ಟಿದ್ದವು. ನನಗೆ ಆ ಬಿರುದಿಗಿಂತ ಅವರು ಕೈಗೆತ್ತಿಕೊಂಡ ಪ್ರಶ್ನೆಯ ಮೇಲೆ ಹೆಚ್ಚು ಗೌರವ. ಯಾರೂ ಕಂಡಿರದ, ಇದೆಯೆಂದು ಹೆಚ್ಚಿನವರು ಒಪ್ಪಿಯೂ ಇರದ ವಸ್ತುವೊಂದನ್ನು ಎದುರಿಗಿಟ್ಟುಕೊಂಡು, ಇದನ್ನು ಅಲುಗಿಸಿದರೆ ಉಳಿಯುತ್ತದೆಯೇ ಎಂದು ಅವರು ಮೊದಲು ಕೇಳಿದರು. ಉಳಿಯುತ್ತದೆ ಎಂದು ಗೊತ್ತಾದ ಮೇಲೆ, ಅಲುಗಿದಾಗ ಅದು ಎಂಥ ದನಿ ಹೊರಡಿಸುತ್ತದೆ ಎಂದು ಹುಡುಕಿದರು. ಸೈದ್ಧಾಂತಿಕ ಭೌತವಿಜ್ಞಾನಿಯ ಕಸುಬು ಏನು ಎಂದು ಕೇಳುವ ವಿದ್ಯಾರ್ಥಿಗೆ ತೋರಿಸಲು ನಮ್ಮ ನೆಲದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ವಿಶ್ವೇಶ್ವರ ಹುಟ್ಟಿದ್ದು 1938ರ ಮಾರ್ಚ್ 6ರಂದು, ಬೆಂಗಳೂರಿನಲ್ಲಿ. ತಂದೆ ಸಿ.ಕೆ. ವೆಂಕಟರಾಮಯ್ಯ ಕನ್ನಡದ ಹೆಸರಾಂತ ಲೇಖಕರು. 1947ರಲ್ಲಿ ಹರಪನಹಳ್ಳಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಮುಂದೆ ವಿಜ್ಞಾನವನ್ನು ಕಥೆಯಂತೆ ಹೇಳುವ ಗೀಳು ಮಗನಿಗೆ ಹತ್ತಿದ್ದರಲ್ಲಿ ಆ ಮನೆಯ ಪಾಲು ಇಲ್ಲವೆನ್ನಲಾಗದು. ಮೈಸೂರು ವಿಶ್ವವಿದ್ಯಾಲಯದ ಪದವಿ, ಸ್ನಾತಕೋತ್ತರ ಪದವಿಗಳಾದ ಮೇಲೆ ಅವರು ಅಮೆರಿಕಕ್ಕೆ ಹೋದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಓದಿ, ಅಲ್ಲಿಂದ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಬಂದು ಚಾರ್ಲ್ಸ್ ಮಿಸ್ನರ್ ಅವರ ಬಳಿ ಪಿಎಚ್‌.ಡಿ.ಗೆ ಸೇರಿದರು.

ಆ ಕಾಲದ ಮೇರಿಲ್ಯಾಂಡ್ ಬಗ್ಗೆ ಒಂದು ಮಾತು. ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಸುಂದರವಾದರೂ ಕೆಲಸಕ್ಕೆ ಬಾರದ ಗಣಿತ ಎಂದು ಬಹುತೇಕ ಭೌತವಿಜ್ಞಾನಿಗಳು ಪಕ್ಕಕ್ಕೆ ಸರಿಸಿದ್ದ ದಿನಗಳವು. ಅದನ್ನು ಗಂಭೀರವಾಗಿ ಹಚ್ಚಿಕೊಂಡ ಕೆಲವೇ ತಾಣಗಳಲ್ಲಿ ಮೇರಿಲ್ಯಾಂಡ್ ಒಂದು. ಅದೇ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವೆಬರ್ ಎಂಬ ಛಲಗಾರ ಟನ್ನುಗಟ್ಟಲೆ ತೂಕದ ಅಲ್ಯೂಮಿನಿಯಂ ಉರುಳೆಗಳನ್ನು ತೂಗುಹಾಕಿ ಗುರುತ್ವ ಅಲೆ ಬಂದು ತಟ್ಟುತ್ತದೆಯೇ ಎಂದು ಕಾಯುತ್ತಿದ್ದರು. 1969ರಲ್ಲಿ ಸಿಕ್ಕಿತೆಂದು ಘೋಷಿಸಿದರು ಕೂಡ. ಬೇರೆಯವರ ಉಪಕರಣಗಳಿಗೆ ಅದು ಸಿಗಲಿಲ್ಲ, ಅವರ ಮಾತನ್ನು ಲೋಕ ಒಪ್ಪಲಿಲ್ಲ. ಆದರೂ ಅಂಥದೊಂದು ಅಲೆಯನ್ನು ಹಿಡಿಯಬಹುದು ಎಂಬ ಧೈರ್ಯವನ್ನು ಇಡೀ ಒಂದು ತಲೆಮಾರಿಗೆ ಕೊಟ್ಟವರು ವೆಬರ್.

ಇನ್ನು ಪ್ರಶ್ನೆಗೆ ಬರೋಣ. ಐನ್‌ಸ್ಟೈನ್ ತಮ್ಮ ಸಮೀಕರಣಗಳನ್ನು 1915ರ ನವೆಂಬರಿನಲ್ಲಿ ಮುಂದಿಟ್ಟರು. ಕೆಲವೇ ವಾರಗಳಲ್ಲಿ, ಮೊದಲ ಮಹಾಯುದ್ಧದ ರಷ್ಯಾ ರಂಗದಲ್ಲಿ ಸೇವೆಯಲ್ಲಿದ್ದ ಜರ್ಮನಿಯ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ ಅವಕ್ಕೆ ಮೊದಲ ನಿಖರ ಉತ್ತರ ಕಂಡುಹಿಡಿದರು. ತಿರುಗದ, ಗುಂಡಗಿರುವ ಒಂದು ರಾಶಿಯ ಸುತ್ತ ದೇಶಕಾಲ ಹೇಗೆ ಬಾಗಿರುತ್ತದೆ ಎಂಬುದೇ ಆ ಉತ್ತರ. 1916ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಆ ಉತ್ತರದಲ್ಲಿ ಒಂದು ವಿಚಿತ್ರ ಗಡಿ ಇತ್ತು. ಸೂರ್ಯನ ರಾಶಿಯನ್ನೆಲ್ಲ ಒತ್ತಿ ಸುಮಾರು 3 ಕಿಲೋಮೀಟರ್ ತ್ರಿಜ್ಯದೊಳಗೆ ತುರುಕಿದರೆ, ಅಥವಾ ಇಡೀ ಭೂಮಿಯನ್ನು 9 ಮಿಲಿಮೀಟರ್ ತ್ರಿಜ್ಯದೊಳಗೆ ಅಡಗಿಸಿದರೆ, ಆ ಗಡಿಯ ಒಳಗಿನಿಂದ ಬೆಳಕೂ ಹೊರಬರಲಾರದು. ಇಂದು ಆ ಗಡಿಯನ್ನು ಘಟನಾ ದಿಗಂತ ಎನ್ನುತ್ತೇವೆ, ಅಂಥ ಗಡಿಯುಳ್ಳ ವಸ್ತುವನ್ನು ಕಪ್ಪುಕುಳಿ ಎನ್ನುತ್ತೇವೆ.

ಕಾಗದದ ಮೇಲೆ ಸಮೀಕರಣಕ್ಕೆ ಉತ್ತರ ಸಿಕ್ಕಿತು ಎಂದ ಮಾತ್ರಕ್ಕೆ ನಿಸರ್ಗದಲ್ಲಿ ಅದು ಇರಲೇಬೇಕೆಂದಿಲ್ಲ. ಲೋಕದಲ್ಲಿ ಯಾವುದೂ ಅಲುಗಾಡದೆ ಉಳಿಯುವುದಿಲ್ಲ. ಧೂಳು ಬೀಳುತ್ತದೆ, ಬೆಳಕು ಬಡಿಯುತ್ತದೆ, ಪಕ್ಕದಲ್ಲಿ ನಕ್ಷತ್ರ ಹಾದುಹೋಗುತ್ತದೆ. ಚೂರು ಅಲುಗಿದ ಕೂಡಲೇ ಆ ಅಲುಗಾಟ ಬೆಳೆಯುತ್ತಾ ಹೋಗಿ ಇಡೀ ರಚನೆ ಚೆದುರುವಂತಿದ್ದರೆ ಅಂಥ ವಸ್ತುವನ್ನು ಆಕಾಶದಲ್ಲಿ ಹುಡುಕುವುದೇ ವ್ಯರ್ಥ. 1957ರಲ್ಲಿ ತುಲಿಯೊ ರೆಜ್ಜೆ ಮತ್ತು ಜಾನ್ ವೀಲರ್ ಈ ಪ್ರಶ್ನೆಯನ್ನು ಎತ್ತಿ ಅರ್ಧ ದಾರಿಯವರೆಗೆ ಬಂದಿದ್ದರು. ವೀಲರ್ ಅವರ ಶಿಷ್ಯರೇ ಮಿಸ್ನರ್. ಗುರುವಿನಿಂದ ಶಿಷ್ಯನಿಗೆ, ಶಿಷ್ಯನಿಂದ ಅವನ ಶಿಷ್ಯನಿಗೆ ಇಳಿದುಬಂದ ಪ್ರಶ್ನೆ ವಿಶ್ವೇಶ್ವರರ ಮೇಜಿಗೆ ತಲುಪಿತು.

ರೆಜ್ಜೆ–ವೀಲರ್ ನಿಂತದ್ದು ಎಲ್ಲಿ ಎಂದು ತಿಳಿದರೆ ಮುಂದಿನ ಹೆಜ್ಜೆಯ ಬೆಲೆ ಗೊತ್ತಾಗುತ್ತದೆ. ಘಟನಾ ದಿಗಂತದ ಬಳಿ ಅಲುಗಾಟ ಹೇಗೆ ನಡೆದುಕೊಳ್ಳಬೇಕು ಎಂದು ಹೇಳಲು ಅವರ ಬಳಿ ಸರಿಯಾದ ಸಾಧನವಿರಲಿಲ್ಲ. ಶ್ವಾರ್ಟ್ಸ್‌ಶಿಲ್ಡ್ ಬಳಸಿದ ಅಳತೆಯ ಚೌಕಟ್ಟು ದಿಗಂತದ ಬಳಿಗೆ ಬರುತ್ತಲೇ ಕೆಟ್ಟುಹೋಗುತ್ತದೆ. ಅಂಕೆಗಳು ಅನಂತಕ್ಕೆ ಹಾರುತ್ತವೆ. ಹಾರುತ್ತಿರುವುದು ನಿಜವಾದ ಭೌತ ಪರಿಮಾಣವೋ, ನಾವು ಆರಿಸಿಕೊಂಡ ಚೌಕಟ್ಟಿನ ದೋಷವೋ ಎಂಬುದೇ ಗೊತ್ತಾಗದು. 1960ರಲ್ಲಿ ಮಾರ್ಟಿನ್ ಕ್ರುಸ್ಕಲ್ ದಿಗಂತವನ್ನು ತಡೆಯಿಲ್ಲದೆ ದಾಟಬಲ್ಲ ಹೊಸ ಚೌಕಟ್ಟು ಕೊಟ್ಟರು. ವಿಶ್ವೇಶ್ವರ ಅದನ್ನು ಕೈಗೆತ್ತಿಕೊಂಡರು.

ಅವರ ವಾದದ ಸಾರ ಹೀಗಿದೆ. ಯಾವುದೇ ಸಣ್ಣ ಅಲುಗಾಟವನ್ನು ಬಿಡಿಬಿಡಿ ಕಂಪನಗಳಾಗಿ ಒಡೆಯಬಹುದು. ಅವುಗಳಲ್ಲಿ ಕಾಲ ಕಳೆದಂತೆ ಬೆಳೆಯುತ್ತಲೇ ಹೋಗುವಂಥದ್ದು ಒಂದಾದರೂ ಇದ್ದರೆ ಕಪ್ಪುಕುಳಿ ಉಳಿಯದು. ಅಂಥ ಕಂಪನ ಇದೆ ಎಂದೇ ಇಟ್ಟುಕೊಳ್ಳೋಣ. ಅದು ದೂರಕ್ಕೆ ಹೋದಂತೆ ಕುಗ್ಗಬೇಕು, ಇಲ್ಲವಾದರೆ ಅದನ್ನು ಸಣ್ಣದೆನ್ನುವ ಹಾಗಿಲ್ಲ. ದೂರದಲ್ಲಿ ಕುಗ್ಗುವ ಆ ಕಂಪನವನ್ನು ಒಳಮುಖವಾಗಿ ಹಿಂಬಾಲಿಸಿ, ಕ್ರುಸ್ಕಲ್ ಚೌಕಟ್ಟಿನಲ್ಲಿಟ್ಟು ನೋಡಿದರೆ ದಿಗಂತದ ಬಳಿ ಅದು ಆರಂಭದ ಗಳಿಗೆಯಲ್ಲೇ ಅನಂತವಾಗಿರುತ್ತದೆ. ಹಾಗಿದ್ದರೆ ಅದು ಸಣ್ಣ ಅಲುಗಾಟವಾಗಿ ಶುರುವಾಗಲೇ ಇಲ್ಲ. ಎರಡೂ ತುದಿಯಲ್ಲಿ ಮರ್ಯಾದೆಯಿಂದ ಇರಬಲ್ಲ, ಆದರೆ ಕಾಲದಲ್ಲಿ ಬೆಳೆಯಬಲ್ಲ ಕಂಪನ ಒಂದೂ ಇಲ್ಲ. ಆದ್ದರಿಂದ ಶ್ವಾರ್ಟ್ಸ್‌ಶಿಲ್ಡರ ವಸ್ತು ಸ್ಥಿರ. 1968ರಲ್ಲಿ ಪಿಎಚ್‌.ಡಿ., 1970ರಲ್ಲಿ ‘ಫಿಜಿಕಲ್ ರಿವ್ಯೂ’ದಲ್ಲಿ ಪ್ರಕಟಣೆ. ಇದೇ ದಾರಿಯಲ್ಲಿ ಲೆಸ್ಟರ್ ಎಡೆಲ್‌ಸ್ಟೈನ್ ಜೊತೆಗೂಡಿ ರೆಜ್ಜೆ–ವೀಲರ್ ಸಮೀಕರಣಗಳಲ್ಲಿ ನುಸುಳಿದ್ದ ತಪ್ಪುಗಳನ್ನೂ ಅವರು ತಿದ್ದಿದರು. ನಡುವೆ, 1968ರಲ್ಲೇ, ತಿರುಗುವ ಕಪ್ಪುಕುಳಿಯ ಬಗ್ಗೆ ಇನ್ನೊಂದು ಒಳ್ಳೆಯ ಪ್ರಬಂಧ ಬರೆದಿದ್ದರು: ಯಾವುದೂ ನಿಂತಲ್ಲಿ ನಿಲ್ಲಲಾಗದ ಗಡಿ ಮತ್ತು ಯಾವುದೂ ಹೊರಬರಲಾಗದ ಗಡಿ ಎರಡೂ ಅಲ್ಲಿ ಬೇರೆಬೇರೆ ಎಂದು ಅದು ತೋರಿಸಿತು.

ಆಗಿನ್ನೂ ಕಪ್ಪುಕುಳಿ ಎನ್ನಬಹುದಾದ ಒಂದೇ ಒಂದು ವಸ್ತುವನ್ನೂ ಖಗೋಳ ವಿಜ್ಞಾನಿಗಳು ಗುರುತಿಸಿರಲಿಲ್ಲ. ಸಿಗ್ನಸ್ ಎಕ್ಸ್–1 ಎಂಬ ಎಕ್ಸ್‌–ಕಿರಣದ ಮೂಲ ಕಪ್ಪುಕುಳಿ ಇರಬಹುದೆಂಬ ಬಲವಾದ ಸುಳಿವು ಸಿಕ್ಕಿದ್ದು 1971ರಲ್ಲಿ.

ಪಿಎಚ್‌.ಡಿ. ಮುಗಿಸಿ ವಿಶ್ವೇಶ್ವರ ನ್ಯೂಯಾರ್ಕಿನಲ್ಲಿರುವ ನಾಸಾದ ಬಾಹ್ಯಾಕಾಶ ಅಧ್ಯಯನ ಸಂಸ್ಥೆಗೆ ಬಂದರು. ಅಲ್ಲಿ ಹುಟ್ಟಿದ್ದು ಅವರ ಎರಡನೆಯ ಪ್ರಶ್ನೆ. ನನ್ನ ಎಣಿಕೆಯಲ್ಲಿ ಮೊದಲನೆಯದಕ್ಕಿಂತ ದೊಡ್ಡದು. ಕಪ್ಪುಕುಳಿ ಉಳಿಯುತ್ತದೆ, ಸರಿ. ಅದು ಬೆಳಕು ಸೂಸುವುದಿಲ್ಲ. ಹಾಗಾದರೆ ಅದು ಅಲ್ಲಿದೆ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ?

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳು ಮಡಿಸಿ ತಟ್ಟಿ ನೋಡುತ್ತಾರೆ. ದನಿಯ ಏರಿಳಿತದಿಂದ ಮಡಕೆಯ ಗಾತ್ರ, ದಪ್ಪ ತಿಳಿಯುತ್ತದೆ. ಬಿರುಕಿದ್ದರೆ ಅದೂ ತಿಳಿಯುತ್ತದೆ. ತಟ್ಟಿದ ಬೆರಳು ಯಾರದ್ದಾದರೂ ದನಿ ಮಡಕೆಯದ್ದೇ. ವಿಶ್ವೇಶ್ವರ ಕಪ್ಪುಕುಳಿಯನ್ನು ತಟ್ಟಿದ್ದು ಗುರುತ್ವ ಅಲೆಯ ತುಣುಕುಗಳಿಂದ, ಕಂಪ್ಯೂಟರಿನೊಳಗೆ. ಮೊದಲು ಅಗಲವಾದ ತುಣುಕು ಕಳಿಸಿದರು. ಅದು ಹೆಚ್ಚುಕಡಿಮೆ ಹೋದ ಹಾಗೆಯೇ ಹಿಂದಿರುಗಿತು, ಕಪ್ಪುಕುಳಿಯ ಗುರುತೇ ಅದರ ಮೇಲೆ ಬೀಳಲಿಲ್ಲ. ಅಗಲವನ್ನು ಕಿರಿದು ಮಾಡುತ್ತ ಹೋದರು. ಹಿಂದಿರುಗಿದ ಅಲೆಯಲ್ಲಿ ಏರಿಳಿತಗಳು ಮೂಡತೊಡಗಿದವು. ತುಣುಕಿನ ಅಗಲ ಕಪ್ಪುಕುಳಿಯ ಗಾತ್ರಕ್ಕೆ ಸಮವಾದಾಗ, ಅದಕ್ಕಿಂತಲೂ ಕಿರಿದಾದಾಗ, ಒಂದು ನಿಶ್ಚಿತ ರೂಪ ನಿಂತುಬಿಟ್ಟಿತು: ಒಂದೇ ಆವರ್ತನದಲ್ಲಿ ಕಂಪಿಸುತ್ತ, ಬೇಗಬೇಗನೆ ಕುಗ್ಗುತ್ತ ಹೋಗುವ ಅಲೆ. ತುಣುಕನ್ನು ಇನ್ನೂ ಕಿರಿದು ಮಾಡಿದರೂ ಈ ಬಾಲ ಬದಲಾಗಲಿಲ್ಲ. ತಟ್ಟಿದ್ದರ ಗುರುತು ಅಳಿದು, ಉಳಿದದ್ದು ಕಪ್ಪುಕುಳಿಯ ಸ್ವಂತ ದನಿ.

1970ರ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಬರಹ ಬಹಳ ಚಿಕ್ಕದು. ಅದರ ಶೀರ್ಷಿಕೆಯಲ್ಲಿ ‘ಬ್ಲ್ಯಾಕ್ ಹೋಲ್’ ಎಂಬ ಹೆಸರಿದೆ. 1967ರ ಕೊನೆಯಲ್ಲಿ ವೀಲರ್ ಉಪನ್ಯಾಸವೊಂದರಲ್ಲಿ ಬಳಸಿ ಚಾಲ್ತಿಗೆ ತಂದ ಹೆಸರು ಅದು. ಮರುವರ್ಷ, 1971ರಲ್ಲಿ, ವಿಲಿಯಂ ಪ್ರೆಸ್ ಈ ಕಂಪನಗಳಿಗೆ ‘ಕ್ವಾಸಿ–ನಾರ್ಮಲ್ ಮೋಡ್’ ಎಂದು ಹೆಸರಿಟ್ಟರು, 1975ರಲ್ಲಿ ಎಸ್. ಚಂದ್ರಶೇಖರ್ ಮತ್ತು ಸ್ಟೀವನ್ ಡೆಟ್‌ವೈಲರ್ ಅವುಗಳ ಬೆಲೆಗಳನ್ನು ನಿಖರವಾಗಿ ಲೆಕ್ಕ ಹಾಕಿದರು. ತಿರುಗದ ಕಪ್ಪುಕುಳಿಯೊಂದು ಸೂರ್ಯನ 10 ಪಟ್ಟು ತೂಗಿದರೆ ಅದರ ಮುಖ್ಯ ಕಂಪನ ಸೆಕೆಂಡಿಗೆ ಸುಮಾರು 1,200 ಬಾರಿ; ಅರ್ಧ ಮಿಲಿಸೆಕೆಂಡ್ ಕಳೆಯುವಷ್ಟರಲ್ಲಿ ಅದರ ಜೋರು ಮೂರನೇ ಒಂದು ಭಾಗದಷ್ಟಕ್ಕೆ ಇಳಿದಿರುತ್ತದೆ. ತೂಕ ಹೆಚ್ಚಿದಂತೆ ಸ್ವರ ತಗ್ಗುತ್ತದೆ, ಉಳಿಯುವ ಹೊತ್ತು ಹೆಚ್ಚುತ್ತದೆ. ಇಲ್ಲಿ ಎದ್ದು ಕಾಣುವ ಸಂಗತಿಯೆಂದರೆ, ಈ ದನಿಯನ್ನು ನಿರ್ಧರಿಸುವುದು ಕಪ್ಪುಕುಳಿಯ ರಾಶಿ ಮತ್ತು ಅದು ತಿರುಗುವ ವೇಗ, ಎರಡೇ. ಅದು ಯಾವ ನಕ್ಷತ್ರದಿಂದ ಹುಟ್ಟಿತು, ಒಳಗೆ ಏನೇನು ಬಿತ್ತು, ಯಾವುದರ ಸುಳಿವೂ ದನಿಯಲ್ಲಿ ಉಳಿಯುವುದಿಲ್ಲ.

ನ್ಯೂಯಾರ್ಕ್, ಬಾಸ್ಟನ್, ಪಿಟ್ಸ್‌ಬರ್ಗ್‌ಗಳಲ್ಲಿ ಕೆಲಸ ಮಾಡಿ 1976ರಲ್ಲಿ ಅವರು ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆ ಸೇರಿದರು. ಆಗ ಅಲ್ಲಿನ ನಿರ್ದೇಶಕರು ಸಿ.ವಿ. ರಾಮನ್ ಅವರ ಮಗ, ರೇಡಿಯೊ ಖಗೋಳ ವಿಜ್ಞಾನಿ ವಿ. ರಾಧಾಕೃಷ್ಣನ್. ವಿಶ್ವೇಶ್ವರರ ಪತ್ನಿ ಸರಸ್ವತಿ ವಿಶ್ವೇಶ್ವರ ಕೂಡ ವಿಜ್ಞಾನಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೋಟೀನುಗಳ ರಚನೆಯ ಕುರಿತು ದುಡಿದವರು. ಮಗಳು ಸ್ಮಿತಾ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ವಾಂಟಂ ಭೌತವಿಜ್ಞಾನದ ಪ್ರಾಧ್ಯಾಪಕಿ. 1992ರಲ್ಲಿ ವಿಶ್ವೇಶ್ವರ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಗೆ ಹೋದರು.

ರಾಮನ್ ಸಂಸ್ಥೆಯ ಆ ವರ್ಷಗಳಲ್ಲಿ ಅವರ ಜೊತೆ ಕೆಲಸ ಮಾಡಿದವರಲ್ಲಿ ಬಾಲಾ ಅಯ್ಯರ್ ಒಬ್ಬರು. ಬಾಗಿದ ದೇಶಕಾಲದಲ್ಲಿ ಸುತ್ತುವ ಬುಗುರಿಯ ಅಕ್ಷ ಹೇಗೆ ಹೊರಳುತ್ತದೆ ಎಂಬ ಬಗ್ಗೆ ಇಬ್ಬರೂ ಸೇರಿ 1993ರಲ್ಲಿ ಬರೆದ ಪ್ರಬಂಧ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಅಯ್ಯರ್ ಫ್ರಾನ್ಸಿನ ಲುಕ್ ಬ್ಲಾಂಶೆ, ತಿಬೊ ದಾಮೂರ್ ಜೊತೆಗೂಡಿ ಮಾಡಿದ್ದು ಇನ್ನೊಂದು ದೀರ್ಘ ಲೆಕ್ಕ: ಎರಡು ಭಾರೀ ಕಾಯಗಳು ಒಂದನ್ನೊಂದು ಸುತ್ತುತ್ತ ಹತ್ತಿರವಾಗುವಾಗ ಹೊಮ್ಮುವ ಅಲೆ ಹೇಗಿರುತ್ತದೆ ಎಂಬುದು. ಕಪ್ಪುಕುಳಿಗಳ ಸಮಾಗಮದ ಆರಂಭವನ್ನು ಒಬ್ಬರು, ಕೊನೆಯನ್ನು ಇನ್ನೊಬ್ಬರು ಲೆಕ್ಕ ಹಾಕಿದ್ದರು; ಇಬ್ಬರೂ ಒಂದೇ ಸಂಸ್ಥೆಯ ಪಡಸಾಲೆಯಲ್ಲಿ ಓಡಾಡಿದವರು. 2016ರ ಆ ಪ್ರಬಂಧ ಎರಡೂ ಕೆಲಸಗಳನ್ನು ಉಲ್ಲೇಖಿಸಿದೆ. ಈ ಸಂಗತಿ ನಮ್ಮ ಶಾಲಾ ಕಾಲೇಜುಗಳ ತರಗತಿಗಳಲ್ಲಿ ಕೇಳಿಬರಬೇಕಾದಷ್ಟು ಕೇಳಿಬರುವುದಿಲ್ಲ ಎಂಬ ಕೊರಗು ನನ್ನದು.

ವಿಶ್ವೇಶ್ವರರ ಬದುಕಿನಲ್ಲಿ ನಾನು ಲೆಕ್ಕದಷ್ಟೇ ಮಹತ್ವದ್ದೆಂದು ತಿಳಿಯುವ ಇನ್ನೊಂದು ಕೆಲಸವಿದೆ. ಬೆಂಗಳೂರಿನ ಟಿ. ಚೌಡಯ್ಯ ರಸ್ತೆಯಲ್ಲಿರುವ ಜವಾಹರಲಾಲ್ ನೆಹರೂ ತಾರಾಲಯ 1989ರಲ್ಲಿ ಶುರುವಾದಾಗ ಅದರ ಸ್ಥಾಪಕ ನಿರ್ದೇಶಕರಾದವರು ಅವರು. ಆಗ ವಯಸ್ಸು 51. ಸಂಶೋಧನೆ ನಡೆದೇ ಇತ್ತು. ಜನರಿಗೆ ವಿಜ್ಞಾನ ಹೇಳುವುದು ನಿವೃತ್ತಿಯ ಮೇಲಿನ ಕೆಲಸ ಎಂದು ಮುಂದೂಡುವವರೇ ಹೆಚ್ಚಿರುವ ಲೋಕದಲ್ಲಿ ಅವರು ದುಡಿಮೆಯ ನಡುಹಗಲಿನಲ್ಲಿ ಇದಕ್ಕೆ ಸಮಯ ಕೊಟ್ಟರು. ಪ್ರದರ್ಶನಗಳಿಗೆ ಸ್ವತಃ ಸಾಹಿತ್ಯ ಬರೆದರು. ಗುಮ್ಮಟದ ಕೆಳಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪ್ರದರ್ಶನ ನಡೆಯುತ್ತ ಬಂದದ್ದರಿಂದ, ಊರಿನಿಂದ ಶಾಲಾ ಪ್ರವಾಸದ ಬಸ್ಸಿನಲ್ಲಿ ಬಂದ ಮಕ್ಕಳಿಗೆ ಗ್ರಹ, ನಕ್ಷತ್ರ, ನೀಹಾರಿಕೆಗಳ ಕಥೆ ತಮ್ಮದೇ ನುಡಿಯಲ್ಲಿ ಕಿವಿಗೆ ಬಿತ್ತು.

1992ರಲ್ಲಿ ತಾರಾಲಯದ ಆಡಳಿತಕ್ಕೆಂದು ಬೆಂಗಳೂರು ವಿಜ್ಞಾನ ಶಿಕ್ಷಣ ಸಂಘ ರೂಪುಗೊಂಡ ಮೇಲೆ ಕೆಲಸ ಇನ್ನಷ್ಟು ಆಳಕ್ಕಿಳಿಯಿತು. ಅಲ್ಲಿ ನಡೆಯುವ ‘ರೀಪ್’ ಎಂಬ ಕಾರ್ಯಕ್ರಮ ಬಿ.ಎಸ್ಸಿ. ಓದುವ ವಿದ್ಯಾರ್ಥಿಗಳಿಗಾಗಿ. ಕಾಲೇಜಿನ ಪಾಠದ ಜೊತೆಜೊತೆಗೇ ಅವರು ತಾರಾಲಯಕ್ಕೆ ಬಂದು ಭೌತವಿಜ್ಞಾನವನ್ನು ಬುಡದಿಂದ ಕಲಿಯುತ್ತಾರೆ. ಪರೀಕ್ಷೆಯ ಅಂಕಕ್ಕೂ ಇದಕ್ಕೂ ನಂಟಿಲ್ಲ. ಗೊತ್ತಾಗಬೇಕು ಎಂಬ ಆಸೆಯಿಂದ ಬರುವವರ ಜಾಗ ಅದು. ಅಲ್ಲಿಂದ ಹೊರಟು ಸಂಶೋಧನೆಗೆ ಹೋದವರು ಹಲವರಿದ್ದಾರೆ. ಒಬ್ಬ ವಿಜ್ಞಾನಿ ಬರೆದ ಪ್ರಬಂಧಗಳನ್ನು ಎಣಿಸಲು ಬರುತ್ತದೆ. ಹೀಗೆ ಬೇರೆಯವರ ತಲೆಯಲ್ಲಿ ಹೊತ್ತಿಸಿದ ಆಸಕ್ತಿಯನ್ನು ಎಣಿಸಲು ಯಾವ ಪಟ್ಟಿಯೂ ಇಲ್ಲ, ಹಾಗಾಗಿ ಅದು ಸಾಧನೆಯ ಲೆಕ್ಕಕ್ಕೆ ಸೇರದೆ ಹೋಗುತ್ತದೆ. ಸೇರಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಅವರ ಪುಸ್ತಕಗಳಲ್ಲೂ ಇದೇ ಮನಸ್ಸು. 2006ರಲ್ಲಿ ಬಂದ ‘ಐನ್‌ಸ್ಟೈನ್ಸ್ ಎನಿಗ್ಮಾ ಆರ್ ಬ್ಲ್ಯಾಕ್ ಹೋಲ್ಸ್ ಇನ್ ಮೈ ಬಬಲ್ ಬಾತ್’ ಸಾಪೇಕ್ಷತಾ ಸಿದ್ಧಾಂತದ ಇಡೀ ಚರಿತ್ರೆಯನ್ನು ಗೆಳೆಯರ ಹರಟೆಯಾಗಿ ಹೇಳುತ್ತದೆ. ಖಭೌತ ವಿಜ್ಞಾನಿಯೊಬ್ಬ ಕೈಗೆ ಸಿಕ್ಕ ಕಾಗದದ ಕರವಸ್ತ್ರದ ಮೇಲೆ ಚಿತ್ರ ಗೀಚಿ ಗೆಳೆಯನಿಗೆ ವಿವರಿಸುತ್ತ ಹೋಗುತ್ತಾನೆ. ವ್ಯಂಗ್ಯಚಿತ್ರ ಬರೆಯುವ ಕೈ ಅವರದು, ಮಾತಿನಲ್ಲೂ ನಗೆ ಇತ್ತು. ಆದರೆ ನಗಿಸುವ ನೆಪದಲ್ಲಿ ವಿಜ್ಞಾನವನ್ನು ತೆಳುವಾಗಿಸಲಿಲ್ಲ. 2015ರಲ್ಲಿ ಇದರ ಜೊತೆಗಾರ ಪುಸ್ತಕ ‘ಯೂನಿವರ್ಸ್ ಅನ್‌ವೇಲ್ಡ್’ ಹೊರಬಂತು.

ಅದೇ 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲಿವಿಂಗ್‌ಸ್ಟನ್ ಮತ್ತು ಹ್ಯಾನ್‌ಫರ್ಡ್‌ನಲ್ಲಿರುವ ಲೈಗೊ ಉಪಕರಣಗಳು ಒಂದು ಅಲೆಯನ್ನು ಹಿಡಿದವು. ನಾಲ್ಕು ಕಿಲೋಮೀಟರ್ ಉದ್ದದ ತೋಳುಗಳಲ್ಲಿ ಪ್ರೋಟಾನಿನ ಅಗಲಕ್ಕಿಂತಲೂ ಎಷ್ಟೋ ಪಟ್ಟು ಚಿಕ್ಕದಾದ ಹಿಗ್ಗುಕುಗ್ಗು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಸೂರ್ಯನ 36 ಪಟ್ಟು ಮತ್ತು 29 ಪಟ್ಟು ರಾಶಿಯ ಎರಡು ಕಪ್ಪುಕುಳಿಗಳು ಕೂಡಿ 62 ಪಟ್ಟಿನ ಒಂದೇ ಕಪ್ಪುಕುಳಿಯಾಗಿದ್ದವು. ಉಳಿದ ಮೂರು ಸೂರ್ಯರಷ್ಟು ರಾಶಿ ಅಲೆಯಾಗಿ ಹೊಮ್ಮಿತ್ತು. ಎಲ್ಲ ಸೇರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು. ಆವರ್ತನ ಏರುತ್ತ ಏರುತ್ತ ಬಂದು, ಕಾಯಗಳು ಕೂಡಿಕೊಂಡ ಮೇಲೆ ಸೆಕೆಂಡಿಗೆ ಸುಮಾರು 250 ಕಂಪನಗಳ ಒಂದು ಸ್ವರ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಕುಗ್ಗಿ ಮುಗಿಯಿತು. 1970ರಲ್ಲಿ ವಿಶ್ವೇಶ್ವರ ಕಂಪ್ಯೂಟರಿನಲ್ಲಿ ಕಂಡಿದ್ದ ಬಾಲ ಅದೇ. ಲೆಕ್ಕಕ್ಕೂ ಅಳತೆಗೂ ನಡುವೆ 45 ವರ್ಷ. ಸುದ್ದಿ ಪ್ರಕಟವಾದಾಗ ಅವರಿಗೆ 78 ತುಂಬಲು ಒಂದು ತಿಂಗಳೂ ಉಳಿದಿರಲಿಲ್ಲ. ಮರುವರ್ಷ, 2017ರ ಜನವರಿ 16ರಂದು, ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಆ ವರ್ಷದ ನೊಬೆಲ್ ಪ್ರಶಸ್ತಿ ಲೈಗೊ ರೂವಾರಿಗಳಾದ ರೈನರ್ ವೈಸ್, ಬ್ಯಾರಿ ಬ್ಯಾರಿಶ್, ಕಿಪ್ ಥಾರ್ನ್ ಅವರಿಗೆ ಸಂದಿತು.

ಮೊದಲ ಸಲ ಸಿಕ್ಕ ಆ ಬಾಲ ಬಹಳ ಕ್ಷೀಣವಾಗಿತ್ತು. ಲೆಕ್ಕದೊಂದಿಗೆ ಹೊಂದುತ್ತದೆ ಎನ್ನಬಹುದಿತ್ತೇ ಹೊರತು ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಹಿಂಡಲಾಗುತ್ತಿರಲಿಲ್ಲ. 2025ರ ಜನವರಿ 14ರಂದು ಬಂದ ಇನ್ನೊಂದು ಅಲೆ ಮೊದಲಿನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಸ್ಪಷ್ಟವಾಗಿ ದಾಖಲಾಯಿತು. ಅಷ್ಟು ವರ್ಷಗಳಲ್ಲಿ ಉಪಕರಣಗಳು ಅಷ್ಟು ಸೂಕ್ಷ್ಮಗೊಂಡಿದ್ದವು. ಅದರಲ್ಲಿ ಮುಖ್ಯ ಸ್ವರದ ಜೊತೆಗೆ ಇನ್ನೊಂದು ಸ್ವರವನ್ನೂ ಬೇರ್ಪಡಿಸಿ ಗುರುತಿಸಿದ್ದಾರೆ. ಎರಡು ಸ್ವರ ಸಿಕ್ಕಿದ್ದೇಕೆ ಮುಖ್ಯವೆಂದರೆ, ಮೊದಲನೆಯದರ ಆವರ್ತನದಿಂದಲೂ ಅದು ಕುಗ್ಗುವ ವೇಗದಿಂದಲೂ ಕಪ್ಪುಕುಳಿಯ ರಾಶಿ ಮತ್ತು ತಿರುಗುವಿಕೆ ತಿಳಿದುಬಿಡುತ್ತದೆ. ಆಮೇಲೆ ಎರಡನೆಯ ಸ್ವರ ಎಲ್ಲಿರಬೇಕೆಂದು ಸಿದ್ಧಾಂತವೇ ಹೇಳುತ್ತದೆ, ಹೊಂದಿಸಿಕೊಳ್ಳಲು ಯಾವ ಆಸ್ಪದವೂ ಉಳಿಯುವುದಿಲ್ಲ. ಈ ಸಲ ಅದು ಹೇಳಿದ ಜಾಗದಲ್ಲೇ ಇತ್ತು.

ಮುಂದಿನ ಉಪಕರಣಗಳು ಈಗಾಗಲೇ ಹಾದಿಯಲ್ಲಿವೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೊ–ಇಂಡಿಯಾ ಕಟ್ಟಲು ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಲೀಸಾ 2030ರ ದಶಕದ ನಡುವೆ ಆಕಾಶಕ್ಕೇರಿ, ಗೆಲಾಕ್ಸಿಗಳ ನಡುವಿನಲ್ಲಿ ಕುಳಿತಿರುವ ದೈತ್ಯ ಕಪ್ಪುಕುಳಿಗಳ ಸಮಾಗಮವನ್ನು ಆಲಿಸಲಿದೆ. ಸೂರ್ಯನ ಹತ್ತು ಲಕ್ಷ ಪಟ್ಟು ತೂಗುವ, ತಿರುಗದ ಕಪ್ಪುಕುಳಿಯೊಂದರ ಮುಖ್ಯ ಸ್ವರದಲ್ಲಿ ಒಂದೊಂದು ಕಂಪನಕ್ಕೂ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆ. ಅಷ್ಟು ನಿಧಾನದ ಸ್ವರವನ್ನು ನೆಲದ ಮೇಲಿನ ಯಾವ ಉಪಕರಣವೂ ಹಿಡಿಯಲಾರದು. ಅಲ್ಲಿ ಮೂರು, ನಾಲ್ಕು ಸ್ವರಗಳು ಒಟ್ಟಿಗೆ ಸಿಗುವ ನಿರೀಕ್ಷೆಯಿದೆ. ಅವುಗಳಲ್ಲಿ ಒಂದಾದರೂ ಹೇಳಿದ ಜಾಗದಲ್ಲಿ ಇಲ್ಲದಿದ್ದರೆ ಅಲ್ಲಿರುವುದು ಐನ್‌ಸ್ಟೈನ್ ಸಮೀಕರಣ ಹೇಳುವ ಕಪ್ಪುಕುಳಿಯಲ್ಲ, ಅಥವಾ ಆ ಸಮೀಕರಣವನ್ನೇ ತಿದ್ದಬೇಕು.